ಅಬ್ಬಾನಿಗೆ ತಿಳಿಯದ ಒಂದು ಮಾತು

"ನಿಮ್ಮಪ್ಪ ನಮ್ಮ ಆಯಿಗೆ ಬೈದಾನಂತ!"

ಬಿಸಿಯೂಟದ ಸಾಲಿನಲ್ಲಿ ಪಕ್ಕದಲ್ಲೇ ಕೂತಿದ್ದ ಸ್ನೇಹಲ ಎಲ್ಲರಿಗೂ ಕೇಳುವ ಹಾಗೆ ಅಂದುಬಿಟ್ಟಳು. ಗುಲನಾಜಳ ಕೈತುತ್ತು ಕೈಯಲ್ಲೇ ಉಳಿಯಿತು.

"ಸುಳ್ಳ! ನಮ್ಮ ಅಬ್ಬಾ ಯಾರಿಗೂ ಬೈಯಂಗಿಲ್ಲ."

"ನಾ ಯಾಕ ಸುಳ್ಳ ಹೇಳ್ಲಿ? ದೀಪಾವಳಿಗೆ ನಾನಕಟಾಯಿ ಸುಡಿಸಾಕಂತ ಆಯಿ ನಿಮ್ಮ ಬೇಕರಿಗಿ ಹೋಗಿದ್ಲು. ಒಂದ ಮಾತ ಕೇಳಿದ್ದಕ್ಕ ನಿಮ್ಮಪ್ಪ 'ಛೀ ಛೀ, ಜಾವ್ ಜಾವ್' ಅಂತ ಕೈ ಬೀಸ್ಯಾನ. ಬರೂ ಐತವಾರ ಆಯಿ ಸಂಘದವರನೆಲ್ಲಾ ಕರಕೊಂಡ ಬಸ್ಸಿನ್ಯಾಗ ಅಥಣಿ ಬೇಕರಿಗಿ ಹೊಂಟಾಳ."

ಗುಲನಾಜ ತಟ್ಟೆ ಎತ್ತಿಕೊಂಡು ಎದ್ದುಹೋದಳು.

ಅವಳ ಅಬ್ಬಾ ಯಾಕೂಬ ಉತ್ತರ ಪ್ರದೇಶದವನು. ಮೀರಜದ ಬೇಕರಿಯೊಂದರಲ್ಲಿ ಹನ್ನೆರಡು ವರ್ಷ ಹಿಟ್ಟು ನಾದಿದವನು. ಹೋದ ವರ್ಷವಷ್ಟೇ ಪಾಲಬಾವಿಗೆ ಬಂದು ತನ್ನದೇ ಭಟ್ಟಿ ಕಟ್ಟಿಸಿದ್ದ. ಶಾಲೆಗೆ ಹೋಗುವ ಗುಲನಾಜಳಿಗೆ ಕನ್ನಡ ಬೇಗ ನಾಲಿಗೆಗೆ ಹತ್ತಿತು. ಅಬ್ಬಾನಿಗೆ ಮಾತ್ರ "ಬರ್ರಿ", "ಎಷ್ಟ ಬೇಕ್ರಿ" ಬಿಟ್ಟರೆ ಹೆಚ್ಚು ಬರುತ್ತಿರಲಿಲ್ಲ. ಬೆಳಿಗ್ಗೆ ಸೈಕಲ್ ತುಂಬ ಪಾವ್ ಕಟ್ಟಿಕೊಂಡು ಹೋಗುತ್ತಿದ್ದ. ಸಂಜೆ ಅರ್ಧ ಪಾವ್ ಹಾಗೇ ಮನೆಗೆ ಬರುತ್ತಿದ್ದವು.

"ದೀಪಾವಳಿಯೂ ಹೀಗೇ ಹೋದರೆ ಮೀರಜಕ್ಕೇ ವಾಪಸು ಹೋಗೋಣ" ಎಂದು ಅಬ್ಬಾ ಅಮ್ಮಿಯ ಮುಂದೆ ಹೇಳಿದ್ದನ್ನು ಗುಲನಾಜ ಕೇಳಿಸಿಕೊಂಡಿದ್ದಳು. ಮೀರಜಕ್ಕೆ ಹೋದರೆ ಮತ್ತೆ ಹೊಸ ಶಾಲೆ. ಮತ್ತೆ ಯಾರೂ ಗೊತ್ತಿಲ್ಲದ ಕ್ಲಾಸು.

ಶಾಲೆ ಬಿಟ್ಟ ಕೂಡಲೇ ಅವಳು ಬೇಕರಿಗೆ ಓಡಿದಳು.

"ಅಬ್ಬಾ, ಸ್ನೇಹಲಳ ಆಯಿಗೆ ಯಾಕೆ ಬೈದೆ?" ಮನೆಯಲ್ಲಿ ಅವರ ಮಾತೆಲ್ಲ ಹಿಂದಿ.

ಅಬ್ಬಾನ ಮುಖ ಭಟ್ಟಿಯ ಹಾಗೆ ಕೆಂಪಾಯಿತು. "ಮತ್ತೇನು ಮಾಡಲಿ? ಇಷ್ಟು ವರ್ಷ ಕೆಲಸ ಮಾಡಿದ್ದೇನೆ, ಯಾರೂ ನನಗೆ ಅಂಥ ಹೊಲಸು ಮಾತು ಆಡಿಲ್ಲ!"

"ಏನಂದಳು?"

"ಬೇಡ ಬಿಡು."

"ಹೇಳು ಅಬ್ಬಾ!"

ಅಬ್ಬಾ ಸುತ್ತ ನೋಡಿದ. ಬಗ್ಗಿ ಅವಳ ಕಿವಿಯಲ್ಲಿ ಪಿಸುಗುಟ್ಟಿದ. "ನಾನಕಟಾಯಿಗೆ ತತ್ತಿ ಹಾಕ್ತೀಯಾ ಅಂದಳು. ತತ್ತಿ!"

ಗುಲನಾಜ ಮೈದಾ ಚೀಲದ ಮೇಲೆ ಕುಸಿದು ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಪಾಲಬಾವಿಯಲ್ಲಿ ತತ್ತಿ ಅಂದರೆ ಕೋಳಿ ಇಡುವ ಮೊಟ್ಟೆ. ಹಿಂದಿಯಲ್ಲಿ ಹಾಗೇ ಕೇಳಿಸುವ ಒಂದು ಮಾತಿದೆ. ಅದು ಪಾಯಖಾನೆಯ ಮಾತು!

"ಅಬ್ಬಾ, ತತ್ತಿ ಅಂದರೆ ಅಂಡಾ! ಅವರ ಮನೆಯಲ್ಲಿ ಅಂಡಾ ತಿನ್ನುವುದಿಲ್ಲ. ಅದಕ್ಕೇ ಕೇಳಿದ್ದಾಳೆ!"

ಅಬ್ಬಾ ಹಿಟ್ಟಿನ ಕೈಯನ್ನೇ ತಲೆಯ ಮೇಲೆ ಇಟ್ಟುಕೊಂಡ. "ಯಾ ಅಲ್ಲಾ! ತಾಯಿಯಂಥ ಹೆಂಗಸನ್ನು ಓಡಿಸಿದೆನಲ್ಲ! ನೀನೇ ಹೋಗಿ ಹೇಳಿ ಬಾ."

"ಊಹೂಂ. ನೀನೂ ಬಾ."

ಸ್ನೇಹಲಳ ಆಯಿ ಗೌರಾಬಾಯಿ ಅಂಗಳದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ಯಾಕೂಬನನ್ನು ನೋಡಿದ್ದೇ ಮುಖ ಆ ಕಡೆ ತಿರುಗಿಸಿದಳು. ಯಾಕೂಬ ಎರಡೂ ಕಿವಿ ಹಿಡಿದುಕೊಂಡು ನಿಂತ.

"ಆಯಿ, ಅಬ್ಬಾಗ ಕನ್ನಡ ತಿಳಿಯಂಗಿಲ್ರಿ" ಎಂದಳು ಗುಲನಾಜ. "ನೀವ ಕೇಳಿದ್ದು ಹಿಂದ್ಯಾಗ... ಹಿಂದ್ಯಾಗ ಬ್ಯಾರೆ ಆಗ್ತೈತ್ರಿ."

"ಬ್ಯಾರೆ ಅಂದ್ರ?"

ಗುಲನಾಜಳಿಗೆ ನಾಚಿಕೆ. ಸ್ನೇಹಲ ಹತ್ತಿರ ಬಂದು ಕಿವಿ ಕೊಟ್ಟಳು. ಕೇಳಿದವಳೇ "ಅಯ್ಯ!" ಅಂತ ಚೀರಿ, ಹೋಗಿ ಆಯಿಯ ಕಿವಿಯಲ್ಲಿ ಹೇಳಿದಳು.

ಗೌರಾಬಾಯಿಯ ಕೈಯಲ್ಲಿದ್ದ ಶೇಂಗಾ ಬುಟ್ಟಿಗೆ ಬಿತ್ತು. ಸೆರಗು ಬಾಯಿಗೆ ಹೋಯಿತು. ಭುಜ ಅಲುಗತೊಡಗಿದವು. ನಕ್ಕು ನಕ್ಕು ಕಣ್ಣಲ್ಲಿ ನೀರೇ ಬಂತು.

"ಯಪ್ಪಾ ತಮ್ಮಾ! ಹಂಗ ಕೇಳಿದ್ರ ಯಾರಿಗಿ ಸಿಟ್ಟ ಬರಂಗಿಲ್ಲೋ! ಜಾವ್ ಅಂದಿದ್ದ ಛಲೋ ಆತು, ಹಿಟ್ಟಿನ ಲಟ್ಟಣಿಗಿ ತಗೊಂಡ ಬೆನ್ನ ಹತ್ತಲಿಲ್ಲ!"

ಆಮೇಲೆ ಕಣ್ಣೊರೆಸಿಕೊಂಡು ಗುಲನಾಜಳನ್ನು ಕೇಳಿದಳು. "ಖರೇ ಹೇಳು, ತತ್ತಿ ಹಾಕ್ತೀರೇನು?"

"ಇಲ್ರಿ ಆಯಿ. ನಮ್ಮ ಬೇಕರ್ಯಾಗ ಕೇಕ್ ಮಾಡಂಗಿಲ್ಲ. ತತ್ತಿ ತರೂದ ಇಲ್ಲ."

ಗೌರಾಬಾಯಿ ಶೇಂಗಾ ಬುಟ್ಟಿ ಪಕ್ಕಕ್ಕೆ ಸರಿಸಿದಳು. "ನಾ ಊರ ತುಂಬ ಹೇಳಿ ಬಂದೇನಿ, ಬೇಕರಿಯವಾ ಭಾಳ ಸಿಟ್ಟಿನವಾ, ಯಾರೂ ಹೋಗಬ್ಯಾಡ್ರಿ ಅಂತ. ನಾ ಹೇಳಿದ್ದನ್ನ ನಾನ ತಿದ್ದಬೇಕಲಾ. ಸ್ನೇಹಲಾ, ಫೋನ್ ತಾ."

ಹೆಣ್ಣುಮಕ್ಕಳ ಸಂಘದ ಗ್ರೂಪಿಗೆ ಅವಳು ದೊಡ್ಡ ದನಿಯಲ್ಲಿ ವಾಯ್ಸ್ ಮೆಸೇಜ್ ಹಾಕಿದಳು. "ಎಲ್ಲಾರೂ ಕೇಳ್ರಿ. ಅಥಣಿಗಿ ಹೋಗೂದ ಕ್ಯಾನ್ಸಲ್. ಐತವಾರ ಡಬ್ಬಿ ತಗೊಂಡ ಯಾಕೂಬನ ಭಟ್ಟಿಗೆ ಬರ್ರಿ. ತಪ್ಪು ನಂದ ಇತ್ತು. ಏನ ತಪ್ಪು ಅಂತ ಬಂದ ಮ್ಯಾಲ ಹೇಳ್ತೀನಿ."

ಮರುದಿನ ಚಹಾದಂಗಡಿಯ ಭೀಮಸಿಗೂ ಹೇಳಿದಳು. "ಟೋಸ್ಟ್ ದೂರಿಂದ ಯಾಕ ತರಸ್ತೀ? ಊರಾಗ ಬಿಸೀದ ಸಿಗ್ತೈತಿ." ಭೀಮಸಿ ಒಂದು ಪಾಕೀಟು ತಿಂದು ನೋಡಿದ. ಸಂಜೆ ಹತ್ತು ಪಾಕೀಟು ತರಿಸಿಕೊಂಡ.

ಭಾನುವಾರ ಬೇಕರಿಯ ಮುಂದೆ ಕಾಲಿಡಲು ಜಾಗವಿರಲಿಲ್ಲ. ಮೈದಾ, ಸಕ್ಕರೆ, ತುಪ್ಪದ ಡಬ್ಬಿ ಹಿಡಿದು ಹದಿನಾಲ್ಕು ಹೆಂಗಸರು ಬಂದಿದ್ದರು. ಚಾಪೆ ಹಾಸಿ ಉಂಡೆ ಕಟ್ಟಿ ತಟ್ಟೆಗೆ ಜೋಡಿಸುತ್ತಿದ್ದರು. ಗೌರಾಬಾಯಿ ತನ್ನ ತಪ್ಪಿನ ಕತೆ ಹೇಳಿದಾಗಲಂತೂ ಒಬ್ಬಳು ನಗುತ್ತ ಹಿಟ್ಟಿನ ಮೇಲೇ ಬೀಳುವುದಿತ್ತು.

ಗುಲನಾಜ ಬಾಗಿಲಲ್ಲಿ ತಯಾರಾಗಿ ನಿಂತಿದ್ದಳು. ಯಾರ ಮಾತು ಯಾರಿಗೆ ತಿಳಿಯದಿದ್ದರೂ ತಾನೇ ಹೇಳಬೇಕಲ್ಲ!

ಅಬ್ಬಾ ಒಂದು ತಟ್ಟೆ ಹೊರಗೆ ಎಳೆದ. ಗೌರಾಬಾಯಿ ಬಗ್ಗಿ ನೋಡಿದಳು. "ಇನ್ನೊಂದ ಚೂರ ಕೆಂಪಗ ಆಗ್ಲಿ."

ಗುಲನಾಜ ಬಾಯಿ ತೆರೆಯುವಷ್ಟರಲ್ಲಿ ಅಬ್ಬಾ ಕೇಳಿದ. "ಲಾಲ್?"

"ಹಾಂ, ಲಾಲ್ ಲಾಲ್. ಕರ್ರಗ ಬ್ಯಾಡ."

"ಬ್ಯಾಡ ಬ್ಯಾಡ" ಎಂದು ಅಬ್ಬಾ ತಟ್ಟೆ ಒಳಗೆ ತಳ್ಳಿದ. ಅಷ್ಟರಲ್ಲಿ ಇನ್ನೊಬ್ಬಳು ಎರಡು ಬೆರಳು ತೋರಿಸಿ ಎರಡು ನಿಮಿಷ ಸಾಕೇ ಎಂಬಂತೆ ಕೇಳಿದಳು. ಅಬ್ಬಾ ತಲೆಯಾಡಿಸಿ ಐದು ಬೆರಳು ತೋರಿಸಿದ. ಅವಳಿಗೂ ತಿಳಿಯಿತು.

ಯಾರೂ ಗುಲನಾಜಳ ಕಡೆ ನೋಡಲಿಲ್ಲ. ಅವಳಿಗೆ ಒಂದು ಗಳಿಗೆ ಚುರುಕ್ ಎಂದಿತು. ಅಬ್ಬಾನ ಮುಖ ನೋಡಿದಳು. ಬೆವರು, ಹಿಟ್ಟು, ಅದರ ನಡುವೆ ನಗು. ಅವನು ಹೀಗೆ ಮಂದಿಯ ನಡುವೆ ನಿಂತು ನಕ್ಕದ್ದನ್ನು ಅವಳು ಈ ಊರಲ್ಲಿ ನೋಡಿರಲೇ ಇಲ್ಲ.

"ಗುಲನಾಜ, ಬಾರಲೇ! ಕುಂಟಾಬಿಲ್ಲೆ ಆಡೂಣು!" ಬೀದಿಯಿಂದ ಸ್ನೇಹಲ ಕೂಗಿದಳು.

"ಬಂದೆ!" ಎಂದು ಗುಲನಾಜ ಅಂಗಳ ದಾಟಿ ಓಡಿದಳು. ಹಿಂದೆ ಅಬ್ಬಾ ಯಾರಿಗೋ ಏನೋ ತಪ್ಪುತಪ್ಪಾಗಿ ಹೇಳುತ್ತಿದ್ದದ್ದು ಕೇಳಿಸಿತು. ಅವಳು ತಿರುಗಿ ನೋಡಲಿಲ್ಲ.