ಹನ್ನೊಂದು ಜನ, ಒಂದೇ ಎದೆಬಡಿತ

"ಇನ್ನೊಂದು ಮೆಟ್ಟಿಲು ಹತ್ತಿದ್ರೆ ತಲೆ ಒಡೆದುಹಾಕ್ತೀನಿ!"

ತಮಾಷೆಯ ಮಾತಾಗಿರಲಿಲ್ಲ. ಅವನ ಕೈಯಲ್ಲಿ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಇತ್ತು. ಅದಕ್ಕೂ ನನ್ನ ತಲೆಗೂ ನಡುವೆ ಐದಾರು ಮೆಟ್ಟಿಲು, ಅಷ್ಟೇ!

ನಾನು ನಿಂತುಬಿಟ್ಟೆ. ಧೈರ್ಯ ಇರಲಿಲ್ಲ ಅಂತಲ್ಲ... ಉಸಿರು ಇರಲಿಲ್ಲ.

ಕೆಳಗಿನಿಂದ ಅವನನ್ನು ಅಟ್ಟಿಸಿಕೊಂಡು ಬಂದಿದ್ದೆ. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಎಡಗಣ್ಣಿನ ರೆಪ್ಪೆ ತಾನೇ ತಾನಾಗಿ ಅದುರುತ್ತಿತ್ತು. ಅದು ಎಷ್ಟೋ ದಿನದಿಂದ ಅದುರುತ್ತಿದೆ, ಬಿಡಿ.

"ಇಳಿಸಪ್ಪಾ ಅದನ್ನ," ಎಂದೆ. "ನನ್ನ ತಲೆ ಒಡೆದು ಏನ್ ಮಾಡ್ತೀಯ? ಒಳಗೆ ನೋವು ಬಿಟ್ರೆ ಬೇರೇನೂ ಇಲ್ಲ."

"ನಿಮ್ಮನ್ನ ಕಳ್ಸಿದ್ದು ಸಾಹೇಬ್ರು ತಾನೇ?"

"ಹೌದು."

"ಹಾಗಿದ್ರೆ ತಗೊಳ್ಳಿ!"

ಸಿಲಿಂಡರ್ ಹಾರಿ ಬಂತು! ಗೋಡೆಗೆ ಅಂಟಿಕೊಂಡೆ. ಅದು ನನ್ನ ಕಿವಿಯ ಪಕ್ಕದಲ್ಲೇ ಹಾದು, ಧಡ್ ಧಡ್ ಎಂದು ಮೆಟ್ಟಿಲ ಮೇಲೆ ಉರುಳಿಕೊಂಡು ಹೋಯಿತು. ಅವನು ಮತ್ತೆ ಮೇಲಕ್ಕೆ ಓಡಿದ.

ಅವನನ್ನು ಎಲ್ಲರೂ ಕರೆಯುವುದು ಗುಂಡ ಅಂತ. ಹೆಸರಿಗೆ ತಕ್ಕ ಮೈ. ಗಿರಾಕಿಗಳ ದೂರು ಕೇಳುವ ಕಾಲ್ ಸೆಂಟರಿನಲ್ಲಿ ಕೆಲಸ. ದಿನವಿಡೀ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಬೈಸಿಕೊಳ್ಳುವುದೇ ಅವನ ಉದ್ಯೋಗ.

ಇಂಥವನನ್ನು ನಾನೇಕೆ ಅಟ್ಟಿಸಿಕೊಂಡು ಹೋದೆ ಅಂದಿರಾ? ಕೇಳಿ.

ನಾನು ಖಾಸಗಿ ಪತ್ತೇದಾರ. ಕಂಪನಿಯೊಳಗಿನ ಕಳ್ಳಾಟ ಪತ್ತೆ ಮಾಡುವುದು ನನ್ನ ಕಸುಬು. ಅವತ್ತು ಬೆಳಿಗ್ಗೆ ಆ ಕಾಲ್ ಸೆಂಟರಿನ ಮ್ಯಾನೇಜರ್ ಕರೆಸಿದ್ದರು. ಅವರೇ ಸಾಹೇಬರು. ಸೆಕೆಯಲ್ಲೂ ತುಂಬುತೋಳಿನ ಶರ್ಟು, ಮಣಿಕಟ್ಟಿನ ಗುಂಡಿ ಬಿಗಿ. ಕಣ್ಣ ಕೆಳಗೆ ಕಪ್ಪು.

ಅಲ್ಲಿ ಎಲ್ಲರ ಕೈಗೂ ಒಂದು ಬ್ಯಾಂಡ್ ಕಟ್ಟಿದ್ದರು. ಅದು ನಾಡಿ ಎಣಿಸುತ್ತದೆ. ಎಣಿಸಿದ್ದು ಗೋಡೆಯ ದೊಡ್ಡ ಪರದೆಯ ಮೇಲೆ ಬರುತ್ತದೆ. ನೆಮ್ಮದಿಯಾಗಿದ್ದರೆ ಹಸಿರು. ಟೆನ್ಷನ್ ಆದರೆ ಹಳದಿ. ಮಿತಿ ಮೀರಿದರೆ ಕೆಂಪು! ವಾರವಿಡೀ ಕೆಂಪಾದವರನ್ನು 'ವಿಶ್ರಾಂತಿ'ಗೆ ಕಳಿಸುತ್ತಾರೆ. ವಿಶ್ರಾಂತಿಗೆ ಹೋದ ಒಬ್ಬರೂ ವಾಪಸ್ ಬಂದಿಲ್ಲ.

"ಈ ಹನ್ನೊಂದು ಜನ ನೋಡ್ರೀ," ಎಂದರು ಸಾಹೇಬರು. "ಬೆಳಿಗ್ಗೆಯಿಂದ ಸಂಜೆವರೆಗೂ ಬೈಸ್ಕೊಂಡ್ರೂ ಹಸಿರೋ ಹಸಿರು! ಏನೋ ಮೋಸ ಇದೆ. ಸಂಜೆಯೊಳಗೆ ಸಾಕ್ಷಿ ಸಮೇತ ಹಿಡಿದುಕೊಡಿ. ಎಲ್ಲರನ್ನೂ ಮನೆಗೆ ಕಳಿಸ್ತೀನಿ."

ಪರದೆಯ ಮುಂದೆ ಕೂತೆ. ಕುತ್ತಿಗೆ ಹಿಡಿದುಕೊಂಡಿತು. ಕಣ್ಣು ಉರಿಯಿತು. ಜೇಬಿನಲ್ಲಿ ಫೋನ್ ನಡುಗಿದಂತಾಗಿ ತೆಗೆದು ನೋಡಿದರೆ ಏನೂ ಇಲ್ಲ. ಆಮೇಲೆ ನಿಜವಾಗಿ ನಡುಗಿತು. ಮನೆಯವಳ ಮೆಸೇಜು: ಹೊಟ್ಟೆ ಉರಿಯ ಮಾತ್ರೆ ಟೇಬಲ್ ಮೇಲೇ ಬಿಟ್ಟು ಹೋಗಿದ್ದೀರಿ.

ಆಗ ಕಂಡಿತು!

ಹನ್ನೊಂದು ಗೆರೆಗಳೂ ಒಟ್ಟಿಗೇ ಒಮ್ಮೆ ಕುಪ್ಪಳಿಸಿದವು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ. ಅದೇ ಕ್ಷಣ, ಅದೇ ಎತ್ತರ. ಹನ್ನೊಂದು ಜನ ಲೆಕ್ಕ ಹಾಕಿಕೊಂಡು ಒಟ್ಟಿಗೆ ಕೆಮ್ಮುವುದುಂಟೇ?

ಹನ್ನೊಂದೂ ಬ್ಯಾಂಡ್ ಒಬ್ಬನೇ ಮನುಷ್ಯನ ಮೈಮೇಲಿವೆ!

ಇನ್ನೊಂದು ವಿಷಯವೂ ಕಂಡಿತ್ತು. ಮೊದಮೊದಲು ನೆಟ್ಟಗಿದ್ದ ಗೆರೆ ಈಚೆಗೆ ದಿನದಿನಕ್ಕೂ ಮೇಲೇರುತ್ತಿತ್ತು. ಹಸಿರಿನ ಅಂಚಿಗೆ ಬಂದಿತ್ತು. ಅದನ್ನು ಕಟ್ಟಿಕೊಂಡು ನನಗೇನು ಎಂದು ಬಿಟ್ಟೆ.

ಊಟದ ಬಿಡುವಿನಲ್ಲಿ ಗುಂಡ ಎದ್ದ. ಆ ಮೈ ಹೊತ್ತುಕೊಂಡು, ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದ. ಕೈಯಲ್ಲಿ ಊಟದ ಡಬ್ಬಿ. ಹಿಂದೆ ಮುಂದೆ ನೋಡಿಕೊಂಡು ಹೋಗುವ ರೀತಿ ನೋಡಿಯೇ ನನಗೆ ಗೊತ್ತಾಯಿತು.

"ಏಯ್, ನಿಲ್ಲು!" ಎಂದೆ. ಓಟ ಕಿತ್ತ. ಸಿಲಿಂಡರ್ ಎಸೆದ. ಮುಂದಿನದು ನಿಮಗೆ ಗೊತ್ತು.

ಗೋಡೆ ಹಿಡಿದು ಸುಧಾರಿಸಿಕೊಳ್ಳುತ್ತಿದ್ದಾಗ ಫೋನ್ ಬಡಿದುಕೊಂಡಿತು. ಸಾಹೇಬರು!

"ರೀ, ಎಲ್ಲಿ ಸತ್ರೀ? ಇಲ್ಲಿ ಹನ್ನೊಂದೂ ಕೆಂಪು! ಎಲ್ಲಾ ಒಟ್ಟಿಗೇ! ಇವರು ನೋಡಿದ್ರೆ, ಗುಂಡನೊಬ್ಬನ್ನ ಬಿಟ್ಟು, ನನ್ನ ಕಣ್ಣೆದುರೇ ಕೂತು ಊಟ ಮಾಡ್ತಿದಾರೆ. ಮೆಷಿನ್ ಕೆಟ್ಟಿದೆ. ಅಲಾರಂ ಆಫ್ ಮಾಡಿಸ್ದೆ."

ಮೆಷಿನ್ ಕೆಟ್ಟಿರಲಿಲ್ಲ.

"ಗುಂಡಾ!" ಮೇಲಕ್ಕೆ ಕೂಗಿದೆ. "ಬ್ಯಾಂಡ್ ಕಟ್ಟಿಕೊಂಡಿರೋದು ಯಾರೋ? ಆ ಮನುಷ್ಯನಿಗೆ ಏನೋ ಆಗ್ತಿದೆ!"

"ಸುಳ್ಳು! ನನ್ನ ಹಿಡಿಯೋಕೆ ನಾಟಕ!"

"ಹನ್ನೊಂದೂ ಕೆಂಪಾಗಿದೆ ಕಣೋ, ಪುಣ್ಯಾತ್ಮ!"

ಮೇಲೆ ಹೆಜ್ಜೆ ಸದ್ದು ನಿಂತಿತು.

"ತಾತಾ!"

ಅಂಥ ಕೂಗು ನಾನು ಕೇಳಿರಲಿಲ್ಲ. ಉಸಿರಿಲ್ಲದಿದ್ದರೂ ಓಡಿದೆ.

ಎಲ್ಲಕ್ಕಿಂತ ಮೇಲೆ ಲಿಫ್ಟಿನ ಮೆಷಿನ್ ರೂಮು. ಗ್ರೀಸಿನ ವಾಸನೆ. ಒಂದು ಮುರುಕು ಕುರ್ಚಿ. ಅದರಲ್ಲಿ ಗೋಡೆಗೊರಗಿ ಒಬ್ಬ ಮುದುಕ. ಮೊದಲು ಈ ಕಟ್ಟಡದ ಲಿಫ್ಟ್ ಓಡಿಸುತ್ತಿದ್ದವನು. ಲಿಫ್ಟು ತಾನೇ ಓಡಲು ಕಲಿತ ಮೇಲೆ ಅದಕ್ಕೆ ಎಣ್ಣೆ ಹಾಕಿಕೊಂಡು ಇಲ್ಲೇ ಉಳಿದಿದ್ದ. ಎಲ್ಲರಿಗೂ ತಾತ.

ಮುಖವೆಲ್ಲ ಬೆವರು. ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಬ್ಯಾಂಡುಗಳು. ಹನ್ನೊಂದೂ ಕೆಂಪಗೆ ಮಿನುಗುತ್ತಿದ್ದವು. ಬಲಗೈ ಎದೆಯ ಮೇಲೆ, ಆ ಕೈಯಲ್ಲಿ ಒಂದು ಹೊಸ ಫೋನು.

ಟಿಣ್. ಟಿಣ್. ಟಿಣ್.

ನಾನು ಆಂಬುಲೆನ್ಸಿಗೆ ಫೋನ್ ಮಾಡಿದೆ. ಗುಂಡ ತಾತನ ಕಾಲು ಹಿಡಿದು ಅಳುತ್ತಿದ್ದ.

"ತಾತಂಗೆ ಸಿಟ್ಟೇ ಬರಲ್ಲ ಸರ್. ಗಾಬರಿನೇ ಇಲ್ಲ. ಅದಕ್ಕೇ ಎಲ್ಲರ ಬ್ಯಾಂಡೂ ಇವ್ರಿಗೆ ಕಟ್ಟಿ, ನಾವು ನೋಡೋಕೆ ಹಾಗೇ ಇರೋ ಡಮ್ಮಿ ಹಾಕ್ಕೊಂಡ್ವಿ. 'ನಿಮ್ಮ ಹೊಟ್ಟೆಪಾಡು ನಡೀಲಿ ಮಕ್ಳಾ, ನಂಗೇನು ಭಾರ' ಅಂದ್ರು. ಚೆನ್ನಾಗೇ ಇದ್ರು ಸರ್!"

"ಈ ಫೋನು?"

"ನಾವೇ ಕೊಡ್ಸಿದ್ದು... ಪ್ರೀತಿಗೆ. ಒಬ್ರೇ ಇರ್ತಾರಲ್ಲ ಅಂತ. ಒಂದು ಗ್ರೂಪೂ ಮಾಡಿದ್ವಿ."

ಫೋನ್ ಇಸಿದುಕೊಂಡು ನೋಡಿದೆ. ತಾತ, ನನ್ನದು ಹಳದಿ ಆಯ್ತು, ಏನ್ ಮಾಡ್ತಿದೀರಿ? ತಾತ, ಕೆಮ್ಮಬೇಡಿ. ತಾತ, ನಿದ್ದೆ ಮಾಡಿದ್ರಾ? ತಾತ, ಯಾಕೆ ಉತ್ತರ ಇಲ್ಲ? ತಾತ... ತಾತ... ಕೆಳಗೆ ಇಳಿಸಿದಷ್ಟೂ ಮುಗಿಯಲಿಲ್ಲ.

"ಎಲ್ಲರ್ಗೂ ಉತ್ರ ಕೊಡ್ಬೇಕಲ್ಲಪ್ಪಾ..." ತಾತ ತೊದಲಿದ. "ಬೆರಳು ಆಡಲ್ಲ... ಟಿಣ್ ಅಂದ್ರೆ ಸಾಕು, ಎದೆ ಝಲ್ ಅನ್ನುತ್ತೆ... ನಿದ್ದೆ ಬಂದು ಎಷ್ಟ್ ದಿನ ಆಯ್ತೋ."

ಗುಂಡ ಹಣೆ ಚಚ್ಚಿಕೊಂಡ. "ನಾವೇ ಸರ್! ನಾವೇ ಮಾಡಿದ್ದು!"

"ಆಮೇಲೆ ಅಳು. ಈಗ ಕುರ್ಚಿ ಹಿಡ್ಕೋ!"

ಕುರ್ಚಿ ಸಮೇತ ಎತ್ತಿ ಲಿಫ್ಟಿಗೆ ಸೇರಿಸಿದೆವು. ನನ್ನ ಬೆನ್ನು ಕಳಕ್ಕೆಂದಿತು. ಬಾಗಿಲು ಮುಚ್ಚಿಕೊಂಡಾಗ ತಾತ ಕಣ್ಣು ಮುಚ್ಚಿಕೊಂಡೇ ಕೇಳಿದ.

"ಯಾವ ಫ್ಲೋರು?"

"ಗ್ರೌಂಡು ತಾತಾ," ಎಂದ ಗುಂಡ.

ನಡುವಿನ ಮಹಡಿಯಲ್ಲಿ ಲಿಫ್ಟ್ ನಿಂತಿತು. ಬಾಗಿಲಲ್ಲಿ ಸಾಹೇಬರು! ಒಳಗೆ ನೋಡಿದರು. ಬ್ಯಾಂಡುಗಳನ್ನು ನೋಡಿದರು. ಬಾಗಿಲಿಗೆ ಅಡ್ಡ ಕಾಲಿಟ್ಟರು.

"ಓಹೋ! ಇದಾ ಆಟ? ರೀ ಪತ್ತೇದಾರ್ರೇ, ಮೊದಲು ಹೆಸರು ಬರೆದು ಸಾಕ್ಷಿ ಹಾಕಿ, ಆಮೇಲೆ ಹೋಗಿ. ಗುಂಡ ಒಬ್ಬನದಲ್ಲ. ಹನ್ನೊಂದು ಜನರದ್ದೂ!"

"ಮನುಷ್ಯ ಸಾಯ್ತಿದಾನೆ. ಕಾಲು ತೆಗೀರಿ."

"ಬರೆದುಕೊಡೋವರೆಗೂ ತೆಗಿಯಲ್ಲ! ಸಂಬಳ ಕೊಡೋನು ನಾನು!"

ಗುಂಡ ಮುಷ್ಟಿ ಎತ್ತಿದ. ಅವನನ್ನು ಹಿಡಿದುಕೊಂಡೆ. ಅಷ್ಟರಲ್ಲಿ ತಾತ ಕಣ್ಣು ಬಿಟ್ಟ. ಬಲಗೈಯ ಅಂಗಿತೋಳನ್ನು ಮೆಲ್ಲಗೆ ಮೇಲಕ್ಕೆ ಸರಿಸಿದ.

ಅಲ್ಲಿ ಇನ್ನೊಂದು ಬ್ಯಾಂಡ್!

"ಸಾಹೇಬ್ರೇ... ನಿಮ್ದೂ ಕೆಂಪಾಗೋಯ್ತು... ತಪ್ಪು ತಿಳ್ಕೋಬೇಡಿ. ಯಾರ್ಗೂ ಹೇಳ್ಬೇಡ ಅಂದ್ರಿ, ಹೇಳ್ಲಿಲ್ಲ..."

ನಾನು ಸಾಹೇಬರ ಬಿಗಿ ಗುಂಡಿಯನ್ನೇ ನೋಡಿದೆ.

"ಶರ್ಟಿನ ತೋಳು ಮಡಚಿ, ನೋಡೋಣ," ಎಂದೆ.

ಮಡಚಲಿಲ್ಲ. ಮುಖ ಬಿಳಿಚಿಕೊಂಡಿತು. "ನಮ್ಮದನ್ನ ಮೇಲಿನವರು ನೋಡ್ತಾರೆ ಕಣ್ರೀ..." ದನಿ ಇಳಿದುಹೋಗಿತ್ತು. "ನನಗೂ ಹೆಂಡ್ತಿ ಮಕ್ಕಳಿದಾರೆ. ನಾನೊಬ್ಬನೇ ಕೊಟ್ಟಿದ್ದೀನಿ ಅಂದ್ಕೊಂಡಿದ್ದೆ. ಇವರೂ ಕೊಟ್ಟಿದಾರೆ ಅಂತ ನನಗೇನು ಗೊತ್ತು?"

ಅಯ್ಯೋ ಅನ್ನಿಸಿತು. ಕಪಾಳಕ್ಕೆ ಬಿಗಿಯಬೇಕು ಅಂತಲೂ ಅನ್ನಿಸಿತು. ಎರಡಕ್ಕೂ ಪುರುಸೊತ್ತಿರಲಿಲ್ಲ.

"ಕಾಲು."

ತೆಗೆದರು. ಲಿಫ್ಟ್ ಇಳಿಯಿತು.

ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ತಾತ ಉಳಿದ. ಗ್ರೂಪು ಅಳಿಸಿದವನು ಗುಂಡನೇ. ಗೋಡೆಯ ಪರದೆ ರಿಪೇರಿಗೆ ಅಂತ ಕೆಳಗಿಳಿಯಿತು. ರಿಪೇರಿಗೆ ಯಾರನ್ನೂ ಕರೆಯಬಾರದು ಅಂತ ಸಾಹೇಬರಿಗೆ ನಾನೇ ಹೇಳಿದೆ. ಹನ್ನೊಂದು ಜನರೂ ಕೆಲಸದಲ್ಲಿದ್ದಾರೆ. ಹನ್ನೆರಡನೆಯವರೂ ಇದ್ದಾರೆ. ಎಲ್ಲರಿಗೂ ಟೆನ್ಷನ್ನೂ ಇದೆ. ಆದರೆ ಈಗ ಅವರವರದು ಅವರವರ ಹತ್ತಿರವೇ.

ಅವತ್ತು ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದೆ. ಗಾಜಿನ ಆಚೆ ತಾತ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಫೋನ್ ಇಲ್ಲದ ನಿದ್ದೆ. ನೋಡಿ ಹೊಟ್ಟೆಕಿಚ್ಚಾಯಿತು. ನನ್ನ ಮುಖ ನೋಡಿದ ನರ್ಸಮ್ಮ ಸುಮ್ಮನೆ ಹೋಗಲಿಲ್ಲ. ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿದಳು. ಮತ್ತೊಮ್ಮೆ ನೋಡಿದಳು.

"ಏನ್ರೀ ಇದು! ಆ ತಾತನಿಗಿಂತ ನಿಮ್ಮದೇ ಜಾಸ್ತಿ ಇದೆಯಲ್ಲ! ಏನ್ ಕೆಲಸ ಮಾಡ್ತೀರಾ ನೀವು?"

ಜೇಬಿನಲ್ಲಿ ಫೋನ್ ಬಡಿದುಕೊಂಡಿತು. ಎಡಗಣ್ಣು ಅದುರಿತು.

"ಬೇರೆಯವರ ಎದೆ ಯಾಕೆ ಹೊಡ್ಕೊಳ್ಳುತ್ತೆ ಅಂತ ಪತ್ತೆ ಮಾಡ್ತೀನಿ ಸಿಸ್ಟರ್... ಒಂದ್ನಿಮಿಷ, ಈ ಕಾಲ್ ತಗೊಳ್ಳಲೇಬೇಕು."