ಹಿಂದಿನ ಸೀಟಿನ ಕಂಟ್ರೋಲರ್

ಎದ್ದು ಹೋಗಬೇಡಿ, ಇದೊಂದನ್ನು ಪೂರ್ತಿ ಕೇಳಿಬಿಡಿ. ಬೈಕಿನ ವಿಷಯ ಅಂತ ಮೂಗು ಮುರಿಯಬೇಡಿ, ಇದರಲ್ಲಿ ನಮ್ಮ ದೊಡ್ಡಮ್ಮ ಇದ್ದಾರೆ. ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳನ್ನು ಹಿಡಿಯುತ್ತಿದ್ದವರು. ನಿವೃತ್ತರಾದ ಮೇಲೆ ನಮ್ಮ ಬೀದಿಗೆ ಅವರೇ ಪತ್ತೇದಾರರು, ನಾನು ಅವರ ಬಾಲ.

ಆ ಚಳಿಯ ಬೆಳಗ್ಗೆ ಬಾಗಿಲು ಬಡಿದವನು ಔಷಧಿಯಣ್ಣ. ಬೆಟ್ಟದ ಮೇಲಿನ ಮನೆಗಳಿಗೆ ಬೈಕಿನಲ್ಲಿ ಔಷಧಿ ಮುಟ್ಟಿಸುವವನು. ಹೆಂಡತಿ ತೀರಿಕೊಂಡ ಮೇಲೆ ಅವನ ಬಾಯಿಂದ ಅಷ್ಟು ಮಾತು ಕೇಳಿದ್ದು ಅದೇ ಮೊದಲು.

"ಬ್ಯಾಟರಿ ಮತ್ತೆ ಸತ್ತಿದೆ ದೊಡ್ಡಮ್ಮ. ಸಂಜೆ ತಂದು ನಿಲ್ಸಿದಾಗ ಚೆನ್ನಾಗಿರುತ್ತೆ, ಬೆಳಗ್ಗೆ ಹೆಣ. ಹೊಸಾದು ಹಾಕ್ಸಿದ್ರೂ ಅದೇ ಗೋಳು. ಇನ್ನೊಂದ್ಸಲ ತಡ ಆದ್ರೆ ಕೆಲಸ ಹೋಯ್ತು ಅಂತಾನೇ ಲೆಕ್ಕ."

"ಯಾರ ಮೇಲೆ ಅನುಮಾನ?"

"ಪಕ್ಕದ ಮೆಕ್ಯಾನಿಕ್. ಶೆಡ್ಡಿಗೆ ಬೀಗ ಇಲ್ಲ, ಬ್ಯಾಟರಿ ಮಾರೋನೂ ಅವನೇ. ಈಗ ತಾನೇ ಎಲ್ಲರ ಎದುರಿಗೆ ಕಳ್ಳ ಅಂತ ಬೈದು ಬಂದೆ."

ನಾವು ಶೆಡ್ಡಿಗೆ ಹೋದೆವು. ಬೈಕ್ ನೋಡಿದ್ದೇ ನಾನು ಮೈಮರೆತುಬಿಟ್ಟೆ. ಒಳಗೆ ತಂತಿ ನೇಯ್ದ ಬಿಸಿ ಜಾಕೆಟ್ ಹಾಕಿಕೊಂಡು ಓಡಿಸುವವರ ಬೈಕ್ ಅದು. ಎಡ ಹ್ಯಾಂಡಲ್ಲಿನ ಪಕ್ಕ ಬೆಂಕಿಪೊಟ್ಟಣದಷ್ಟು ಕಪ್ಪು ಡಬ್ಬಿ, ಅದರ ಮೇಲೊಂದು ತಿರುಗಿಸುವ ಗುಂಡಿ. ಜಾಕೆಟ್ಟಿನ ವೈರ್ ಇದಕ್ಕೆ ಸಿಕ್ಕಿಸಿದರೆ ಬ್ಯಾಟರಿಯಿಂದ ಬರುವ ಬಿಸಿಯನ್ನು ಹೆಚ್ಚು ಕಡಿಮೆ ಮಾಡುವ ಕಂಟ್ರೋಲರ್.

"ಎಡಗಡೆ ಯಾಕೆ ಗೊತ್ತಾ ದೊಡ್ಡಮ್ಮ? ಬಲಗೈ ಆಕ್ಸಿಲರೇಟರ್ ಬಿಡೋ ಹಾಗಿಲ್ಲವಲ್ಲ, ಅದಕ್ಕೇ..."

"ಉಸಿರು ತಗೋ ಮರಿ. ಇದೇನು ಇಲ್ಲೊಂದು?"

ಹಿಂದಿನ ಸೀಟಿನ ಕೆಳಗೆ ಅಂಥದೇ ಇನ್ನೊಂದು ಡಬ್ಬಿ. "ಅವಳಿಗೆ ಹಾಕ್ಸಿದ್ದು," ಎಂದ ಔಷಧಿಯಣ್ಣ. "ನನ್ ಜೊತೆ ಬರ್ತಿದ್ಲಲ್ಲ. ಈಗ ಹಿಂದೆ ಯಾರೂ ಕೂರಲ್ಲ."

ಬೈಕಿನ ತುಂಬ ಒಣಗಿದ ಕೆಸರು, ಆದರೆ ಆ ಗುಂಡಿ ಮಾತ್ರ ಲಕಲಕ. ಹಿಂದೆ ಕೂತವರು ಕಾಲಿಡುವ ಮಡಚು ಕಂಬಿಗಳೂ ಹೊರಕ್ಕೆ ಚಾಚಿಕೊಂಡಿದ್ದವು. ದೊಡ್ಡಮ್ಮ ಮುಂದಿನ ಗುಂಡಿ ತಿರುಗಿಸಿದರು, ಏನೂ ಇಲ್ಲ. ಹಿಂದಿನದನ್ನು ತಿರುಗಿಸಿದರು, ಕೆಂಪು ದೀಪ ಮಿಣುಕಿತು. ಇಂಜಿನ್ನಿಗೆ ಸಾಲದಿದ್ದರೂ ಅಷ್ಟಕ್ಕೆ ಸಾಕಾಗುವ ಜೀವ ಬ್ಯಾಟರಿಯಲ್ಲಿತ್ತು. ಬೈಕಿನ ಕೀಲಿ ಔಷಧಿಯಣ್ಣನ ಜೇಬಿನಲ್ಲಿತ್ತು. ಇದನ್ನೆಲ್ಲ ನಾನೂ ಕಣ್ಣಾರೆ ನೋಡಿದೆ, ತಲೆಗೆ ಮಾತ್ರ ಏನೂ ಹೋಗಲಿಲ್ಲ!

ಮನೆಯೊಳಗೆ ಅವನ ಅತ್ತೆ, ಅಂದರೆ ತೀರಿಕೊಂಡವಳ ತಾಯಿ, ಟೀ ಕೊಟ್ಟರು. ಅಳಿಯ ಊಟ ಮಾಡಿ ಎದ್ದ ಮೇಲೆಯೇ ಅವರು ತಟ್ಟೆ ಹಾಕಿಕೊಳ್ಳುತ್ತಿದ್ದರಂತೆ. ಒಂದೇ ಸೂರು, ಮಾತಿಲ್ಲ. ಬಾಗಿಲ ಹಿಂದಿನ ಗೂಟದಲ್ಲಿ ಹೆಣ್ಣುಮಕ್ಕಳ ಅಳತೆಯ ಅಂಥದೇ ಬಿಸಿ ಜಾಕೆಟ್ ನೇತಾಡುತ್ತಿತ್ತು. ಪಕ್ಕದ ಕೊಡೆಯ ಮೇಲೆ ಬೆರಳಿನಷ್ಟು ಧೂಳು, ಜಾಕೆಟ್ಟಿನ ಮೇಲೆ ಚೂರೂ ಇಲ್ಲ.

"ಮಗಳದು. ಯಾರೂ ಮುಟ್ಟಿಲ್ಲ," ಎಂದರು ಅತ್ತೆ.

"ಸಂಜೆ ಹೊತ್ತು ಹೇಗೆ ಕಳೀತೀರಮ್ಮ?"

"ಅವರು ಬಂದು ಊಟ ಮಾಡಿ ಮಲಗಿಬಿಡ್ತಾರೆ. ನಾನು... ಸುಮ್ನೆ ಕೂತಿರ್ತೀನಿ."

ದೊಡ್ಡಮ್ಮ ಮೆಕ್ಯಾನಿಕ್ಕಿನ ಅಂಗಡಿಗೆ ಒಬ್ಬರೇ ಹೋಗಿಬಂದರು. ಸಂಜೆ ಎಲ್ಲರನ್ನೂ ಶೆಡ್ಡಿಗೆ ಕರೆದರು. ಮೆಕ್ಯಾನಿಕ್ ಮುಖ ಊದಿಸಿಕೊಂಡು ನಿಂತಿದ್ದ.

"ಬ್ಯಾಟರಿ ತಾನಾಗಿ ಸಾಯಲಿಲ್ಲ, ಯಾರೋ ಅದರ ಬಿಸಿ ಕುಡಿದರು," ಎಂದು ಶುರುಮಾಡಿದರು ದೊಡ್ಡಮ್ಮ. "ಮುಂದಿನ ಕಂಟ್ರೋಲರ್ ಕೀಲಿ ಹಾಕಿದರೆ ಮಾತ್ರ ಓಡುತ್ತೆ. ಹಿಂದಿನದಕ್ಕೆ ಕೀಲಿ ಬೇಡ. ಯಾಕಪ್ಪಾ?"

"ಇವರ ಹೆಂಡ್ತಿ, ಅಕ್ಕಾನೇ ಹೇಳಿದ್ರು," ಎಂದ ಮೆಕ್ಯಾನಿಕ್. "ಔಷಧಿ ಕೊಡಕ್ಕೆ ಇವರು ಕೀಲಿ ಕಿತ್ಕೊಂಡು ಒಳಗೆ ಹೋಗ್ತಾರೆ, ನಾನು ಆಚೆ ಚಳೀಲಿ ನಡುಗ್ತೀನಿ, ನಂದನ್ನ ಸೀದಾ ಬ್ಯಾಟರಿಗೇ ಕೊಟ್ಬಿಡು, ಅವರಿಗೆ ಹೇಳ್ಬೇಡ ಅಂದ್ರು."

ಔಷಧಿಯಣ್ಣ ತಲೆ ತಗ್ಗಿಸಿದ.

"ಕಾಲಿಡೋ ಕಂಬಿ ಹೊರಗೆ ಚಾಚಿದೆ ಅಂದಮೇಲೆ ಹಿಂದೆ ಯಾರೋ ಕೂತಿದ್ದಾರೆ. ಗುಂಡಿ ದಿನಾ ಬೆರಳು ತಾಕಿ ಹೊಳೀತಿದೆ. ಆದರೆ ಜಾಕೆಟ್ ಇಲ್ಲದೆ ಆ ಡಬ್ಬಿಯಿಂದ ಏನೂ ಉಪಯೋಗ ಇಲ್ಲ. ಜಾಕೆಟ್ ಇರೋದು ಮನೆಯೊಳಗೆ, ಮೆಕ್ಯಾನಿಕ್ಕಿನ ಕೈಗೆ ಸಿಗದ ಜಾಗದಲ್ಲಿ. ಯಾರೂ ಮುಟ್ಟಿಲ್ಲ ಅಂದರೂ ಅದರ ಮೇಲೆ ಧೂಳಿಲ್ಲ." ದೊಡ್ಡಮ್ಮ ಅಲ್ಲಿಗೆ ನಿಲ್ಲಿಸಿದರು. ಹೆಸರು ಹಿಡಿದು ಹೇಳಲಿಲ್ಲ.

ಅತ್ತೆ ಸೆರಗು ಹಿಂಡುತ್ತಿದ್ದರು. "ಕೀಲಿ ಇಲ್ದೇನೂ ಬೆಚ್ಚಗಿರುತ್ತಮ್ಮಾ ಅಂತ ನಗಾಡಿದ್ಲು ಒಂದಿನ. ರಾತ್ರಿ ಇಲ್ಲಿ ಬಂದು ಕೂತು ಅವಳ ಜಾಕೆಟ್ ಹಾಕ್ಕೊಂಡ್ರೆ ಬೆನ್ನಿಗೆ ಅವಳೇ ಒರಗಿದ ಹಾಗಿರುತ್ತೆ. ಆರಿಸೇ ಬರ್ತಿದ್ದೆ. ಬ್ಯಾಟರಿ ಹೋಗೋದು ಅದರಿಂದ ಅಂತ ನನಗೇನು ಗೊತ್ತಪ್ಪಾ?"

ಔಷಧಿಯಣ್ಣ ಮೊದಲು ಮೆಕ್ಯಾನಿಕ್ಕಿನ ಕೈ ಹಿಡಿದ. "ನಾಳೆ ನಿನ್ ಅಂಗಡಿ ಮುಂದೇನೇ ಬಂದು ತಪ್ಪಾಯ್ತು ಅಂತೀನಿ."

"ಅದಿರ್ಲಿ ಬಿಡಿ. ಈ ವೈರ್ ಕಿತ್ತು ಕೀಲಿಗೆ ಸೇರಿಸ್ಲಾ?"

"ಸೇರಿಸು. ಕೆಲಸ ಉಳೀಬೇಕು."

ವೈರ್ ಕಿತ್ತಾಗ ಅತ್ತೆ ಮುಖ ತಿರುಗಿಸಿಕೊಂಡರು. ಕೆಲಸ ಮುಗಿದ ಮೇಲೆ ಮೆಕ್ಯಾನಿಕ್ ಬೇರೆ ಬ್ಯಾಟರಿ ತಗುಲಿಸಿಕೊಟ್ಟ. ಔಷಧಿಯಣ್ಣ ಬೈಕನ್ನು ಅಂಗಳಕ್ಕೆ ತಳ್ಳಿ ಸ್ಟಾರ್ಟ್ ಮಾಡಿದ. ಒಳಗೆ ಹೋಗಿ ಜಾಕೆಟ್ ತಂದು ಅತ್ತೆಯ ಹೆಗಲಿಗೆ ಹಾಕಿದ.

"ಇಂಜಿನ್ ಓಡ್ತಿದ್ರೆ ಬ್ಯಾಟರಿ ಇಳಿಯಲ್ಲ ಅತ್ತೆ. ಕೂತ್ಕೊಳ್ಳಿ."

ಅವರು ಹಿಂದೆ ಕೂತರು, ಅವನು ಮುಂದೆ. ಗಾಡಿ ಎಲ್ಲಿಗೂ ಹೋಗಲಿಲ್ಲ. ಅವನು ಕೈಯನ್ನು ಹಿಂದಕ್ಕೆ ಚಾಚಿ, ನೋಡದೆಯೇ, ಆ ಗುಂಡಿಯನ್ನು ಒಂದು ಸುತ್ತು ತಿರುಗಿಸಿದ.

ಮನೆಗೆ ಬರುತ್ತಾ ನಾನು ಜಗಳ ತೆಗೆದೆ. "ಬೆಳಗ್ಗೇನೇ ಗೊತ್ತಾಗಿತ್ತಲ್ಲ ನಿಮಗೆ! ಗುಟ್ಟಾಗಿ ವೈರ್ ಬದಲಾಯ್ಸಿದ್ರೆ ಆ ಅಜ್ಜಿ ಎಲ್ಲರೆದುರು ನಾಚಿಕೆ ಪಡಬೇಕಿರಲಿಲ್ಲ."

"ಆಗ ಮೆಕ್ಯಾನಿಕ್ ಕಳ್ಳನಾಗೇ ಉಳೀತಿದ್ದ," ಎಂದರು ದೊಡ್ಡಮ್ಮ. ಸ್ವಲ್ಪ ದೂರ ನಡೆದ ಮೇಲೆ, "ಆದರೂ ನನಗೂ ಅದೇ ಕೊರೀತಿದೆ," ಎಂದರು.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ?