ಅವಳ ಬಾಗಿಲಿನ ಚಿತ್ರ

ಆಫೀಸಿನಲ್ಲಿ ಹೊಸ ಚಿತ್ರದ ಹಲಗೆಯ ಮೇಲಿನ ಬಟ್ಟೆ ಸರಿದಿದ್ದೇ ತಡ, ಅವಳ ಎದೆ ಝಲ್ಲೆಂದಿತು.

ಅದು ಅವಳ ಮನೆಯ ಬಾಗಿಲು. ಅಂಥದ್ದೇ ಇನ್ನೊಂದಲ್ಲ, ಅವಳದ್ದೇ... ಅದೂ ಒಳಗಿನಿಂದ ನೋಡಿದ ಹಾಗೆ.

ಮೂರು ಚಿಲಕ, ಮೂರನೆಯದಕ್ಕೆ ಇನ್ನೂ ಬಣ್ಣವಿಲ್ಲ. ಹಿಡಿಯ ಕೆಳಗೆ ಒತ್ತಿಟ್ಟ ಮರದ ಕುರ್ಚಿ. ಬಾಗಿಲಡಿಯ ಸಂದಿಗೆ ತುರುಕಿದ ಹಳೇ ಟವೆಲ್ಲು. ಟವೆಲ್ಲು ಸಾಲದೆ ಉಳಿದ ಜಾಗದಲ್ಲಿ, ಹೊರಗೆ ನಿಂತವನ ಎರಡು ಕಾಲಿನ ನೆರಳು.

"ಇವರೇ ಮೇಲಿನ ಮಹಡಿಯ ಹೊಸ ಚಿತ್ರಕಾರರು," ಅಂದರು ಆಫೀಸು ನಡೆಸುವ ಮೇಡಂ.

ಅವನು ಎದ್ದು ನಿಂತು ಅವಳನ್ನೇ ನೋಡಿದ. ಆ ನೋಟದಲ್ಲಿ ಪರಿಚಯವಿದ್ದ ಹಾಗಿತ್ತು. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

'ನನ್ನ ಮನೆಯೊಳಗೆ ಬಂದಿದ್ದಾನೆ ಇವನು...'

ಅವಳು ಜಾಹೀರಾತಿಗೆ ಮಾತು ಬರೆಯುವವಳು. ಈ ಸಲ ಬಂದಿದ್ದು ಬೀಗದ ಜಾಹೀರಾತು. 'ಹೊರಗೆ ಯಾರೋ ನಿಂತಿದ್ದಾರೆ. ನಿಮ್ಮ ಬೀಗ ಗಟ್ಟಿ ಇದೆಯಾ?' ಅಂತ ಸಾಲು ಬರೆದವಳೂ ಅವಳೇ. ಆ ಸಾಲನ್ನು ಎಲ್ಲರೂ ಹೊಗಳಿದ್ದರು. ಹೊಗಳದೇ ಏನು ಮಾಡುತ್ತಾರೆ? ಅನುಭವಿಸಿದವಳು ಬರೆದಿದ್ದು.

ಮೂರು ತಿಂಗಳ ಹಿಂದೆ ಒಂದು ಸಂಜೆ ಯಾರೋ ಅವಳ ಬಾಗಿಲನ್ನು ಒಂದು ಗಂಟೆ ತಟ್ಟಿದ್ದ. ಮಾತಿಲ್ಲ ಕತೆಯಿಲ್ಲ, ಬರೀ ತಟ್ಟುವುದು. ಅವತ್ತಿನಿಂದ ಅವಳು ಯಾರಿಗೂ ಬಾಗಿಲು ತೆಗೆದಿಲ್ಲ. ಊರಲ್ಲಿರುವ ಮನೆಯವರಿಗೂ ಹೇಳಿಲ್ಲ. ಹೇಳಿದರೆ ಅಣ್ಣ ಮಾರನೇ ದಿನವೇ ಬಂದು ಪೆಟ್ಟಿಗೆ ಕಟ್ಟಿಸುತ್ತಿದ್ದ, ಕೆಲಸಕ್ಕೂ ಒಬ್ಬಳೇ ಇರುವ ಮನೆಗೂ ಅಲ್ಲಿಗೆ ಮಂಗಳ.

ಕಾರಿಡಾರಿಗೆ ಓಡಿ ಅಕ್ಕನಿಗೆ ಫೋನು ಮಾಡಿದಳು. ಅಣ್ಣನಿಗೆ ಹೇಳುವುದಿಲ್ಲ ಅಂತ ಆಣೆ ಹಾಕಿಸಿಕೊಂಡು ಎಲ್ಲಾ ಒದರಿದಳು.

"ಅವನೇ ಕಣೇ ತಟ್ಟಿದವನು," ಅಂದಳು ಅಕ್ಕ. "ಒಬ್ಬಳೇ ಅವನ ಹತ್ತಿರ ಹೋಗಬೇಡ. ನಾನು ಬರ್ತೀನಿ, ಪೊಲೀಸರ ಹತ್ತಿರ ಹೋಗೋಣ."

ಆದರೆ ತಿರುಗಿದರೆ ಅವನು ಎದುರಿಗೇ ಇದ್ದ. 

"ಹತ್ತಿರ ಬರಬೇಡಿ," ಅಂದಳು. "ನನ್ನ ಮನೆ ನಿಮಗೆ ಹೇಗೆ ಗೊತ್ತು?"

ಅವನ ಮುಖ ಬಿಳಿಚಿತು. "ನಿಮ್ಮ ಮನೆಯಾ ಅದು? ಅಯ್ಯೋ ದೇವರೇ... ಬರೆದವರ ಭಯ ಮಾತ್ರ ನಿಜ, ಮನೆ ಕಲ್ಪನೆ ಅಂದುಕೊಂಡಿದ್ದೆ."

ಜೇಬಿನಿಂದ ಒಂದು ಹಾಳೆ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟು, ತಾನೇ ನಾಲ್ಕು ಹೆಜ್ಜೆ ಹಿಂದೆ ಸರಿದ.

ಈಗ ಈ ಆಫೀಸಿನ ಒಂದು ಹುಚ್ಚು ಪದ್ಧತಿ ಹೇಳಬೇಕು. ಚಿತ್ರಕಾರನಿಗೆ ಕೊಡುವ ವಿವರವನ್ನು ಹತ್ತೇ ನಿಮಿಷದಲ್ಲಿ ಕೈಯಲ್ಲಿ ಬರೆಯಬೇಕು. ತಿರುಗಿ ಓದುವ ಹಾಗಿಲ್ಲ, ಪ್ರತಿ ಇಟ್ಟುಕೊಳ್ಳುವ ಹಾಗಿಲ್ಲ. ತಿರುಗಿ ಓದಿದರೆ ಸುಳ್ಳು ಸೇರಿಕೊಳ್ಳುತ್ತದೆ ಅಂತ ಮೇಡಂ ವಾದ. ಚಿತ್ರ ಮುಗಿಯುವ ತನಕ ಬರೆದವರೂ ಬಿಡಿಸುವವರೂ ಭೇಟಿಯಾಗಬಾರದು.

ಹಾಳೆಯಲ್ಲಿದ್ದದ್ದು ಅವಳದೇ ಅಕ್ಷರ. ಚಿಲಕ, ಕುರ್ಚಿ, ಟವೆಲ್ಲು... ಎಲ್ಲಾ ಅವಳೇ ಬರೆದಿದ್ದಳು. ಕೊನೆಗೆ, 'ಅವಳು ಉಸಿರು ಬಿಗಿಹಿಡಿದು ಕೂತಿದ್ದಾಳೆ, ಯಾರನ್ನು ಕರೆಯಬೇಕೋ ಗೊತ್ತಿಲ್ಲ' ಅಂತಲೂ ಇತ್ತು. ಹತ್ತು ನಿಮಿಷದ ಆ ಅವಸರದಲ್ಲಿ ಇದ್ಯಾವುದನ್ನೂ ಬರೆದ ನೆನಪೇ ಅವಳಿಗಿರಲಿಲ್ಲ.

ಅಲ್ಲೇ ಕುಸಿದು ಕೂತು ಅತ್ತಳು.

ಅವನು ಹತ್ತಿರ ಬರಲಿಲ್ಲ. ದೂರದಲ್ಲೇ ನೆಲದ ಮೇಲೆ ಕೂತ.

"ಮೊದಲು ಮೂರು ಚಂದದ ಬಾಗಿಲು ಬಿಡಿಸಿದೆ. ಯಾರೂ ಹೆದರಲಿಲ್ಲ. ನಿಮ್ಮ ಟವೆಲ್ಲು ಹಾಕಿದ ಮೇಲೆ ನನಗೇ ಮೈ ಜುಮ್ಮೆಂದಿತು. ಜನ ನಂಬೋದು ಇಂಥ ಸಣ್ಣ ಸಂಗತಿಗಳನ್ನೇ."

"ಹಾಗಾದರೆ ಒಳ್ಳೇ ಜಾಹೀರಾತೇ ಆಯ್ತಲ್ಲ," ಅಂದಳು ಬಿಕ್ಕುತ್ತಾ.

"ಆಯ್ತು. ಅದೇ ತೊಂದರೆ. ನಮ್ಮ ತಾತ ಗೋಡೆ ಮೇಲೆ ಜಾಹೀರಾತು ಬರೆಯೋರು. ಆಗೆಲ್ಲ ಸೋಪು ಮಾರೋಕೂ ಪತ್ರದ ಹಾಗೆ ಹತ್ತು ಸಾಲು, ನಗೋ ಒಂದು ಮುಖ. ಜನ ನಿಂತು ಓದೋರು. ಈಗ ಓಡೋ ಬಸ್ಸಿನಿಂದ ಒಂದು ಕ್ಷಣ ನೋಡ್ತಾರೆ. ಅಷ್ಟರಲ್ಲಿ ಹೆದರಿಸಿಬಿಡೋದು ಸುಲಭ. ಆದರೆ ಒಬ್ಬಳೇ ಇರೋಳು ಇದನ್ನ ನೋಡಿ ಮನೆಗೆ ಹೋದರೆ ಅವಳ ಗತಿ?"

ಅವಳು ಕೈಯಲ್ಲಿದ್ದ ಹಾಳೆ ಮಡಚಿದಳು. ಊರಿನ ತುಂಬ ಈ ಬಾಗಿಲು... ತನ್ನ ಹಾಗೆ ಇನ್ನೆಷ್ಟು ಜನ ಕುರ್ಚಿ ಎಳೆದುಕೊಂಡು ಕೂರುತ್ತಾರೋ.

"ನೀವು ಬೇಡ ಅಂದರೆ ಈಗಲೇ ಆ ಚಿತ್ರ ಹರಿದು ಹಾಕ್ತೀನಿ," ಅಂದ. "ಕೆಲಸ ಹೋದರೆ ಹೋಗಲಿ. ನಿಮ್ಮ ಹಾಳೆ ಓದಿ ಎರಡು ದಿನ ನಿದ್ದೆ ಬಂದಿಲ್ಲ ನನಗೆ. ಬರೆದವರು ಯಾರು, ಹೇಗಿದ್ದಾರೆ ಅಂತ ಕೇಳಿದರೆ ಮೇಡಂ ನಿಯಮ ತೋರಿಸಿದರು."

ಬಟ್ಟೆ ಸರಿದಾಗ ಅವನ ಕಣ್ಣಲ್ಲಿದ್ದದ್ದು ಅದೇ ಚಿಂತೆ. ಅವಳು ಏನೆಲ್ಲ ಅಂದುಕೊಂಡಿದ್ದಳು!

"ಹರಿಯೋದು ಬೇಡ," ಅಂದಳು. "ಬೇರೆ ಬರೀತೀನಿ."

ಅಕ್ಕನಿಗೆ ಫೋನು ಮಾಡಿ, ತಟ್ಟಿದವನು ಇವನಲ್ಲ, ಬರಬೇಡ ಅಂದಳು. ಸಾಯಂಕಾಲಕ್ಕೆ ಹೊಸ ಸಾಲು ಬಂತು: 'ಯಾರು ಬಂದರೂ, ತೆಗೆಯುವುದು ಬಿಡುವುದು ನಿಮ್ಮಿಷ್ಟ.' ಅವನು ನೆರಳು ಅಳಿಸಿ, ಕುರ್ಚಿ ಪಕ್ಕಕ್ಕಿಟ್ಟು, ಚಿಲಕದ ಮೇಲೆ ಒಂದು ಹೆಣ್ಣಿನ ಕೈ ಬಿಡಿಸಿದ. ಬೀಗದ ಕಂಪನಿಯವರು ಮೊದಲು ಮೂತಿ ತಿರುವಿದರು, ಆಮೇಲೆ ಮನೆಯ ಹೆಂಗಸರಿಗೆ ತೋರಿಸಿ ಒಪ್ಪಿಕೊಂಡರು.

ಮುಂದಿನ ಎರಡು ತಿಂಗಳಲ್ಲಿ ಅವನು ಅವಳನ್ನು ದಿನಾ ಬಸ್ಸಿನವರೆಗೆ ಬಿಟ್ಟ. ಅವಳ ಬೀದಿ ಯಾವುದು ಅಂತ ಒಂದು ದಿನವೂ ಕೇಳಲಿಲ್ಲ. "ನೀವು ನನಗೆ ಇಷ್ಟ. ಉತ್ತರಕ್ಕೆ ಅವಸರ ಇಲ್ಲ," ಅಂತ ಮಾತ್ರ ಒಮ್ಮೆ ಹೇಳಿದ.

ಒಂದು ಶನಿವಾರ ಅವಳೇ ವಿಳಾಸ ಬರೆದುಕೊಟ್ಟಳು. "ನಾಳೆ ಹನ್ನೊಂದಕ್ಕೆ ಬನ್ನಿ."

ಭಾನುವಾರ ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿದಾಗ, ಬರುವವನು ಯಾರೆಂದು ಗೊತ್ತಿದ್ದೂ ಅವಳು ಚಿಲಕದಿಂದ ಕೈ ಹಿಂದೆಳೆದುಕೊಂಡಳು.  'ತೆಗೆಯಲಾರೆ... ನನ್ನಿಂದಾಗದು...'

ಹೆಜ್ಜೆ ನಿಂತಿತು. ತಟ್ಟುವ ಸದ್ದು ಮಾತ್ರ ಬರಲಿಲ್ಲ. ಒಂದು ನಿಮಿಷವಾಯಿತು, ಐದಾಯಿತು.

"ಇದ್ದೀರಾ?" ಒಳಗಿನಿಂದಲೇ ಕೇಳಿದಳು.

"ಇದ್ದೀನಿ."

"ಯಾಕೆ ತಟ್ಟಲಿಲ್ಲ?"

"ನಾನು ತಟ್ಟಲ್ಲ. ನಿಮಗೆ ಆದಾಗ ತೆಗೀರಿ. ಆಗದಿದ್ದರೆ ಇಲ್ಲೇ ಮಾತಾಡಿ ಹೋಗ್ತೀನಿ."

ಅವಳು ಒಂದೊಂದೇ ಚಿಲಕ ಸರಿಸಿದಳು. ಮೂರನೆಯದಕ್ಕೆ ಕಣ್ಣು ಮುಚ್ಚಿಕೊಂಡಳು. ಬಾಗಿಲು ತೆರೆದಾಗ ಅವನು ಮೆಟ್ಟಿಲ ಹತ್ತಿರವೇ ನಿಂತಿದ್ದ, ಹಣೆಯೆಲ್ಲ ಬೆವರು.

"ನನಗಿನ್ನೂ ಹೆದರಿಕೆ ಇದೆ," ಅಂದಳು.

"ನನಗೂ."

"ನಿಮಗ್ಯಾಕೆ?"

"ನೀವು ತೆಗೆಯದೇ ಹೋದರೆ ಅಂತ."

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂತು. ಅವನಿಗೆ ಮೊದಲ ಸಲ ಬಹುವಚನ ಬಿಟ್ಟು ಹೇಳಿದಳು:

"ತೆಗೆದೆನಲ್ಲ... ಬಾ, ಒಳಗೆ ಬಾ."